ಇಂಪೋರ್ಟ್ ಮಾಡಿದವರು ಯಾರು ಸ್ವಾಮಿ?

ನೆರೂಳದಲ್ಲಿ ನೀವು ಯಾವ ಸೆಕ್ಟರಿಗೇ ಹೋಗಿ, ಹಳೇ ಕಟ್ಟಡಗಳ ಸೊಸೈಟಿಗಳಲ್ಲಿ ಈಗ ಎರಡೇ ಮಾತು. ಒಂದು ರಿಪೇರಿ, ಇನ್ನೊಂದು ರೀಡೆವಲಪ್‌ಮೆಂಟ್. ಎರಡಕ್ಕೂ ಮೊದಲು ಬರುವುದು ಒಂದು ಎಸ್ಟಿಮೇಟು. ಸ್ಪೈರಲ್ ಬೈಂಡಿಂಗ್ ಮಾಡಿದ, ಬಣ್ಣದ ಹೊದಿಕೆಯ, ಎಂಬತ್ತು ತೊಂಬತ್ತು ಪುಟದ ಪುಸ್ತಕ. ಅದನ್ನು ಮೇಜಿನ ಮೇಲಿಟ್ಟು ಕನ್ಸಲ್ಟೆಂಟ್ ಸಾಹೇಬರು ಮೊದಲು ಹೇಳುವ ಮಾತು, "ಇದೆಲ್ಲ ಸಾಫ್ಟ್‌ವೇರಿನಿಂದ ಬಂದ ಲೆಕ್ಕ, ಡ್ರಾಯಿಂಗ್ ಫೈಲನ್ನೇ ನೇರವಾಗಿ ಇಂಪೋರ್ಟ್ ಮಾಡಿದ್ದೇವೆ." ಅಷ್ಟು ಹೇಳಿದ ಮೇಲೆ ಸಭೆಯ ಪ್ರಶ್ನೆಗಳೆಲ್ಲ ದರದ ಮೇಲೆ ಹೋಗುತ್ತವೆ. ಸಿಮೆಂಟಿಗೆ ಎಷ್ಟು ಹಿಡಿದಿದ್ದೀರಿ, ಟೈಲ್ಸ್ ಯಾವ ಕಂಪನಿಯದು, ಜಿಎಸ್‌ಟಿ ಸೇರಿದೆಯಾ ಇಲ್ಲವಾ... ಪಕ್ಕದಲ್ಲೇ ಇರುವ ಅಳತೆಯ ಕಾಲಮ್ಮಿನ ಮೇಲೆ ಯಾರೂ ಬೆರಳಿಡುವುದಿಲ್ಲ. ನಮ್ಮ ಕಡೆಯ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಪೈಸೆಗೆ ಪೈಸೆ ತಾಳೆ ನೋಡಿದವರು, ನನ್ನ ಕಿವಿಯಲ್ಲಿ ಅಂದರು, "ಕಂಪ್ಯೂಟರೇ ಅಳೆದಿದೆ ಅಂದಮೇಲೆ ನಾವ್ಯಾರು ಮಾರಾಯ್ರೆ ಕೇಳ್ಲಿಕ್ಕೆ?"

ಅಲ್ಲೇ ಕೇಳಬೇಕು ಅನ್ನೋದು ನನ್ನ ವಾದ. ದರದಲ್ಲಿ ಚೌಕಾಸಿ ಮಾಡಬಹುದು, ಮೂರು ಕಡೆ ಕೊಟೇಶನ್ ತರಿಸಬಹುದು. ಅಳತೆ ಒಮ್ಮೆ ಪುಸ್ತಕದೊಳಗೆ ಕೂತುಬಿಟ್ಟರೆ ಮೂರು ಜನ ಗುತ್ತಿಗೆದಾರರೂ ಅದೇ ಅಳತೆಗೆ ತಮ್ಮ ತಮ್ಮ ದರ ಬರೆದುಕೊಡುತ್ತಾರೆ. ಆ ಅಳತೆ ನಿರ್ಧಾರವಾಗುವುದು ಫೈಲನ್ನು ಸಾಫ್ಟ್‌ವೇರಿನೊಳಗೆ ಎಳೆದುಕೊಳ್ಳುವ ಆ ಹತ್ತು ನಿಮಿಷದಲ್ಲಿ. ಅದನ್ನು ಮಾಡುವುದು ಸಾಮಾನ್ಯವಾಗಿ ಆಫೀಸಿನ ಅತಿ ಕಿರಿಯ ಹುಡುಗ. ಅವನ ಹೆಸರು ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ.

ಇಂಪೋರ್ಟ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಈ ಕಸುಬಿನಲ್ಲಿ ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ, ದುಡ್ಡು ನಿಮ್ಮದೇ. ಕಟ್ಟಡದ ನಕ್ಷೆ ಸಾಮಾನ್ಯವಾಗಿ ಮೂರು ರೂಪದಲ್ಲಿ ಬರುತ್ತದೆ. ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಅಥವಾ ಡಿಎಕ್ಸ್‌ಎಫ್ ಫೈಲು, ಇಲ್ಲವೆ ಪಿಡಿಎಫ್, ಇಲ್ಲವೆ ಇತ್ತೀಚಿನ ಮೂರು ಆಯಾಮದ ಮಾದರಿಯ ಐಎಫ್‌ಸಿ ಫೈಲು. ಕಾಸ್ಟ್‌ಎಕ್ಸ್, ಪ್ಲ್ಯಾನ್‌ಸ್ವಿಫ್ಟ್ ತರಹದ ಸಾಫ್ಟ್‌ವೇರುಗಳು ನಕ್ಷೆಯನ್ನು ಒಳಗೆ ತಂದುಕೊಂಡು, ಪರದೆಯ ಮೇಲೆ ಗೆರೆ ಗುರುತಿಸಿದ ಹಾಗೆ ಉದ್ದ, ವಿಸ್ತೀರ್ಣ, ಎಣಿಕೆ ತೆಗೆದುಕೊಡುತ್ತವೆ. ಬಹಳ ಕಡೆ ಇಂಥದ್ದೇನೂ ಇಲ್ಲ, ಆಟೋಕ್ಯಾಡಿನಿಂದ ಪಟ್ಟಿ ಹೊರತೆಗೆದು ಎಕ್ಸೆಲ್ಲಿಗೆ ಹಾಕುವುದೇ 'ಸಾಫ್ಟ್‌ವೇರ್'. ಇರಲಿ, ಅದೂ ಸಾಫ್ಟ್‌ವೇರೇ.

ಆದರೆ ಆಟೋಕ್ಯಾಡ್ ಫೈಲಿನಲ್ಲಿ ಇರುವುದು ಗೆರೆಗಳು. ಗೋಡೆ ಅಂತ ನಮಗೆ ಕಾಣುವುದು ಯಂತ್ರಕ್ಕೆ ಎರಡು ಸಮಾನಾಂತರ ಗೆರೆ ಅಷ್ಟೆ. ಒಂದೇ ಗೆರೆಯ ಮೇಲೆ ಇನ್ನೊಂದು ಗೆರೆ ಬಿದ್ದಿದ್ದರೆ ಕಣ್ಣಿಗೆ ಒಂದೇ ಕಾಣುತ್ತದೆ, ಲೆಕ್ಕದಲ್ಲಿ ಎರಡಾಗುತ್ತದೆ. ಕಂಬಗಳನ್ನು ಬೇರೆ ಫೈಲಿನಲ್ಲಿ ಬರೆದು ಇಲ್ಲಿಗೆ ಜೋಡಿಸಿದ್ದರೆ, ಆ ಎರಡನೆಯ ಫೈಲು ಮೇಲ್‌ನಲ್ಲಿ ಬರದೇ ಇದ್ದರೆ, ಕಂಬಗಳೇ ಮಾಯ. ಕಟ್ಟಡ ಗಾಳಿಯಲ್ಲಿ ನಿಂತ ಹಾಗೆ! ಸೋಫಾ ಮಂಚಗಳ ಚಿತ್ರವೂ ಗೋಡೆಯ ಲೇಯರ್‌ನಲ್ಲೇ ಇದ್ದರೆ ಅವಕ್ಕೂ ಪ್ಲಾಸ್ಟರು ಬೀಳಬಹುದು.

ಇವೆಲ್ಲದಕ್ಕಿಂತ ನನಗೆ ತಮಾಷೆಯಾಗಿ ಕಾಣುವುದು ಇನ್ನೊಂದು. ಹೆಚ್ಚುಕಡಿಮೆ ಪ್ರತಿಯೊಂದು ನಕ್ಷೆಯ ಮೂಲೆಯಲ್ಲೂ ಒಂದು ಸೂಚನೆ ಇರುತ್ತದೆ, ಬರೆದಿರುವ ಅಳತೆಯನ್ನೇ ಅನುಸರಿಸಿ, ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆಯಬೇಡಿ ಅಂತ. ಅದು ಸುಮ್ಮನೆ ಬಂದ ಸೂಚನೆಯಲ್ಲ. ಮಾಲೀಕರು ಕೊನೇ ಗಳಿಗೆಯಲ್ಲಿ ಕೋಣೆ ಆರು ಇಂಚು ದೊಡ್ಡದಾಗಲಿ ಅಂದಾಗ ಡ್ರಾಫ್ಟ್ಸ್‌ಮನ್ ಗೆರೆಯನ್ನು ಸರಿಸದೆ, ಅಳತೆಯ ಅಂಕಿಯನ್ನು ಮಾತ್ರ ತಿದ್ದಿ ಕಳಿಸುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಸೈಟಿನಲ್ಲಿ ಮೇಸ್ತ್ರಿ ಅಂಕಿ ಓದುತ್ತಾನೆ, ಸರಿಯಾಗಿಯೇ ಕಟ್ಟುತ್ತಾನೆ. ಸಾಫ್ಟ್‌ವೇರು ಗೆರೆಯನ್ನು ಅಳೆಯುತ್ತದೆ. ಅಂದರೆ ನಕ್ಷೆ ಯಾವುದನ್ನು ಮಾಡಬೇಡಿ ಅಂತ ಬರೆದುಕೊಂಡಿದೆಯೋ ಅದನ್ನೇ ನಾವು ದುಬಾರಿ ಲೈಸೆನ್ಸ್ ತೆಗೆದುಕೊಂಡು ಮಾಡುತ್ತಿದ್ದೇವೆ. ತಪ್ಪೇನಿಲ್ಲ, ಮಾಡಲಿ. ಆದರೆ ಹತ್ತು ಕಡೆಯಾದರೂ ಗೆರೆಯ ಉದ್ದವೂ ಬರೆದ ಅಂಕಿಯೂ ಒಂದೇ ಇದೆಯಾ ಅಂತ ತಾಳೆ ನೋಡಿದೆ ಅನ್ನುವ ಒಂದು ಹಾಳೆ ಎಸ್ಟಿಮೇಟಿಗೆ ಲಗತ್ತಾಗಿರಬೇಕಲ್ಲವೆ? ನಾನು ನೋಡಿದ ಪುಸ್ತಕಗಳಲ್ಲಿ ಆ ಹಾಳೆ ಇದ್ದದ್ದು ಬಹಳ ಅಪರೂಪ.

ಅಳತೆಯ ಮಾನದ ವಿಷಯಕ್ಕೆ ಬಂದರೆ, ಡಿಎಕ್ಸ್‌ಎಫ್ ಫೈಲಿನ ತಲೆಯಲ್ಲಿ ಒಂದು ಅಂಕಿ ಇರುತ್ತದೆ. 1 ಅಂದರೆ ಇಂಚು, 4 ಅಂದರೆ ಮಿಲಿಮೀಟರ್, 6 ಅಂದರೆ ಮೀಟರ್, 0 ಅಂದರೆ ಯಾವ ಮಾನವೂ ಇಲ್ಲ. ಇಂಚಿನ ನಕ್ಷೆಯನ್ನು ಮಿಲಿಮೀಟರ್ ಅಂತ ಓದಿದರೆ ಉದ್ದ 25.4 ಪಟ್ಟು ಕುಗ್ಗುತ್ತದೆ. ಇಂಥ ತಪ್ಪಿಗೆ ನಾನು ಹೆದರುವುದಿಲ್ಲ. ಎರಡು ಬೆಡ್‌ರೂಮಿನ ಮನೆ ಒಂದು ಚದರ ಅಡಿ ಅಂತ ಬಂದರೆ ಎಂಥವರಿಗೂ ಗೊತ್ತಾಗುತ್ತದೆ. ಹೆದರಬೇಕಾದದ್ದು ನೋಡಲಿಕ್ಕೆ ಸರಿ ಅನಿಸುವ ತಪ್ಪಿಗೆ. ಶೇಕಡಾ ಮೂರು, ಶೇಕಡಾ ನಾಲ್ಕು. ಉದ್ದದಲ್ಲಿ ಶೇ. 3 ಹೆಚ್ಚಾದರೆ ವಿಸ್ತೀರ್ಣದಲ್ಲಿ ಶೇ. 6 ದಾಟುತ್ತದೆ, ಕಾಂಕ್ರೀಟಿನ ಘನ ಅಳತೆಯಲ್ಲಿ ಶೇ. 9 ದಾಟುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಶೇಕಡಾ ಮೂರು ಎಲ್ಲಿಂದ ಬರುತ್ತದೆ? ನಮ್ಮ ನವಿಮುಂಬಯಿಯಲ್ಲಿ ಅದಕ್ಕೊಂದು ಸೊಗಸಾದ ಮೂಲವಿದೆ. ಸಿಡ್ಕೋ ಹುಟ್ಟಿದ್ದು 1970ರಲ್ಲಿ. ಅದು ಕಟ್ಟಿಸಿದ ಹಳೆಯ ಕಟ್ಟಡಗಳ ನಕ್ಷೆ ಕಂಪ್ಯೂಟರಿನಲ್ಲಿ ಬರೆದದ್ದಲ್ಲ, ಡ್ರಾಯಿಂಗ್ ಬೋರ್ಡಿನ ಮೇಲೆ ಬರೆದು ಅಮೋನಿಯಾ ಪ್ರಿಂಟ್ ತೆಗೆದದ್ದು. (ಆಟೋಕ್ಯಾಡ್ ಹೊರಬಂದದ್ದೇ 1982ರ ಕೊನೆಗೆ. ನಮ್ಮ ಡ್ರಾಫ್ಟ್ಸ್‌ಮನ್‌ಗಳ ಕೈಗೆ ಬರುವಾಗ ಇನ್ನೂ ಎಷ್ಟೋ ವರ್ಷ ದಾಟಿತ್ತು.) ಆ ಪ್ರಿಂಟು ಸೊಸೈಟಿಯ ಕಪಾಟಿನಲ್ಲಿ ಇಪ್ಪತ್ತು ಮೂವತ್ತು ಮಳೆಗಾಲ ಕಂಡಿದೆ. ನೆರೂಳದ ಮಳೆಗಾಲ ನಿಮಗೆ ಗೊತ್ತಲ್ಲ, ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ, ಅದೂ ಉದ್ದಕ್ಕೆ ಒಂದು ರೀತಿ, ಅಡ್ಡಕ್ಕೆ ಇನ್ನೊಂದು ರೀತಿ. ಅದನ್ನು ಮಡಿಕೆ ಬಿಡಿಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುತ್ತಾರೆ. ಪಿಡಿಎಫ್ ಆಗುತ್ತದೆ. ಪ್ರಿಂಟ್ ತೆಗೆಯುವಾಗ ಕಾಗದಕ್ಕೆ ಹೊಂದಿಸಿ ಅನ್ನುವ ಗುಂಡಿ ಒತ್ತಿದರೆ ಸ್ಕೇಲು ಇನ್ನೊಮ್ಮೆ ಬದಲಾಗುತ್ತದೆ. ಆಮೇಲೆ ಹುಡುಗ ಅದನ್ನು ಇಂಪೋರ್ಟ್ ಮಾಡಿ, ಗೊತ್ತಿರುವ ಯಾವುದೋ ಒಂದು ಅಳತೆಯ ಎರಡು ತುದಿಗೆ ಕ್ಲಿಕ್ ಮಾಡಿ, ಇದು ಹತ್ತು ಅಡಿ ಅಂತ ಸಾಫ್ಟ್‌ವೇರಿಗೆ ಹೇಳಿಕೊಡುತ್ತಾನೆ. ಅಲ್ಲಿಂದ ಮುಂದೆ ಇಡೀ ಕಟ್ಟಡ ಆ ಎರಡು ಕ್ಲಿಕ್ಕಿನ ಮೇಲೆ ನಿಂತಿರುತ್ತದೆ. ಮಸುಕಾದ ಗೆರೆಯ ಈ ಬದಿಗೆ ಒತ್ತಿದನೋ ಆ ಬದಿಗೆ ಒತ್ತಿದನೋ, ಅವನಿಗೇ ನೆನಪಿರುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ನಮಗೆ ಹತ್ತಿರದ ಒಂದು ಸೊಸೈಟಿಯಲ್ಲಿ, ಹೆಸರು ಬೇಡ, ಎ ವಿಂಗ್ ಮತ್ತು ಬಿ ವಿಂಗ್ ಎರಡೂ ಒಂದೇ ಅಚ್ಚಿನವು. ಮನೆಗಳೂ ಒಂದೇ. ಕನ್ಸಲ್ಟೆಂಟರ ಪಟ್ಟಿಯಲ್ಲಿ ಎ ವಿಂಗಿನ ಮನೆಗೆ ಒಂದು ಕಾರ್ಪೆಟ್ ಏರಿಯಾ, ಬಿ ವಿಂಗಿನ ಅದೇ ಮನೆಗೆ ಹನ್ನೆರಡು ಚದರ ಅಡಿ ಹೆಚ್ಚು. ಎರಡು ವಿಂಗಿನ ನಕ್ಷೆಗಳನ್ನು ಬೇರೆ ಬೇರೆ ಹಾಳೆಯಿಂದ ಸ್ಕ್ಯಾನ್ ಮಾಡಿ ಬೇರೆ ಬೇರೆಯಾಗಿ ಇಂಪೋರ್ಟ್ ಮಾಡಿದ್ದರು, ಅಷ್ಟೇ ಕಾರಣ. ಆದರೆ ಆ ಹನ್ನೆರಡು ಚದರ ಅಡಿ ಎಷ್ಟು ಕೆಲಸ ಮಾಡಿತು ಗೊತ್ತೆ? ಬಿ ವಿಂಗಿನವರು ಕಮಿಟಿಯಲ್ಲಿ ಹೆಚ್ಚು ಇದ್ದಾರೆ, ಅದಕ್ಕೇ ಹೀಗೆ ಅಂತ ಮಾತು ಹುಟ್ಟಿತು. ಒಟ್ಟಿಗೆ ಗಣಪತಿ ಕೂರಿಸುತ್ತಿದ್ದವರು ಲಿಫ್ಟಿನಲ್ಲಿ ಮುಖ ತಿರುಗಿಸಿಕೊಳ್ಳುವ ಹಾಗಾಯಿತು. ಕೊನೆಗೆ ಮೂವರು ಟೇಪು ಹಿಡಿದು ಎರಡು ಮನೆಯೊಳಗೆ ಹೋಗಿ ಅಳೆದರು. ಎರಡೂ ಒಂದೇ ಬಂತು. ಅರ್ಧ ಗಂಟೆಯ ಕೆಲಸ.

ರೀಡೆವಲಪ್‌ಮೆಂಟಿನಲ್ಲಿ ಹಳೇ ಕಾರ್ಪೆಟ್ ಏರಿಯಾ ಅನ್ನುವುದು ಬುನಾದಿ. ಹೊಸ ಮನೆ ಎಷ್ಟು ದೊಡ್ಡದು, ಕಾರ್ಪಸ್ ಎಷ್ಟು, ಬಾಡಿಗೆ ಎಷ್ಟು ಅನ್ನುವುದೆಲ್ಲ ಸಾಮಾನ್ಯವಾಗಿ ಅದರ ಮೇಲೇ ಲೆಕ್ಕ. 300 ಚದರ ಅಡಿಯ ಮನೆಗೆ ಉದ್ದದಲ್ಲಿ ಶೇ. 3 ತಪ್ಪಿದರೆ ಸುಮಾರು 18 ಚದರ ಅಡಿ. ಅದರ ಮೇಲೆ ಬಿಲ್ಡರ್ ಕೊಡುವ ಹೆಚ್ಚುವರಿ ಶೇಕಡಾವಾರು ಬೇರೆ ಕೂಡುತ್ತದೆ ಅಥವಾ ಕಳೆಯುತ್ತದೆ. ನೆರೂಳದಲ್ಲಿ ಇವತ್ತು ಒಂದು ಚದರ ಅಡಿಗೆ ಎಷ್ಟು ಅಂತ ನಿಮಗೇ ಗೊತ್ತು, ಗುಣಿಸಿ ನೋಡಿ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ 79ಎ ಕಲಮಿನಡಿ 2019ರ ಜುಲೈ 4ರಂದು ಹೊರಟ ಸರಕಾರಿ ಆದೇಶದ ಪ್ರಕಾರ ಸೊಸೈಟಿ ಪ್ರಾಜೆಕ್ಟ್ ಕನ್ಸಲ್ಟೆಂಟರನ್ನು ನೇಮಿಸಿ, ಫೀಸಿಬಿಲಿಟಿ ರಿಪೋರ್ಟ್ ಮಾಡಿಸಿ ಸದಸ್ಯರ ಮುಂದಿಡಬೇಕು. ಒಳ್ಳೆಯ ನಿಯಮ. ಆದರೆ ರಿಪೋರ್ಟ್ ಮುಂದಿಟ್ಟರೆ ಆಯಿತೆ? ಅದರೊಳಗಿನ ಅಳತೆ ಯಾವ ಫೈಲಿನಿಂದ ಬಂತು ಅಂತ ಹೇಳದ ರಿಪೋರ್ಟು ಜಾತಕದ ಹಾಗೆ, ನಂಬಿದವರಿಗೆ ಉಂಟು.

ಇನ್ನೂ ಒಂದು ತೊಡಕು. ರೇರಾ ಕಾಯ್ದೆ ಕಾರ್ಪೆಟ್ ಏರಿಯಾಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟಿದೆ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ, ಡಕ್ಟು ಸೇರುವುದಿಲ್ಲ. ಹಳೇ ನಕ್ಷೆಯಲ್ಲಿ ಬಾಲ್ಕನಿ ತೆರೆದೇ ಇದೆ. ನಾವು ಅದಕ್ಕೆ ಗ್ರಿಲ್ಲು, ಗಾಜು ಹಾಕಿಸಿ ಮಗಳ ಓದುವ ಕೋಣೆ ಮಾಡಿಕೊಂಡು ಎಷ್ಟೋ ವರ್ಷವಾಯಿತು. ಅದನ್ನು ಸೇರಿಸುವುದೋ ಬಿಡುವುದೋ ಅನ್ನುವುದು ಸಭೆಯಲ್ಲಿ ಚರ್ಚೆಯಾಗಬೇಕಾದ ತೀರ್ಮಾನ. ಆದರೆ ಇಂಪೋರ್ಟ್ ಮಾಡಿದ ಹುಡುಗ ಯಾವ ಗೆರೆಯ ಒಳಗೆ ಕ್ಲಿಕ್ ಮಾಡಿದ ಅನ್ನುವುದರಲ್ಲಿ ಆ ತೀರ್ಮಾನ ಆಗಿಹೋಗಿರುತ್ತದೆ. ನಮಗೆ ಕಾಣುವುದು ಒಂದು ಅಂಕಿ ಮಾತ್ರ.

ಅಳತೆಯ ನಿಯಮಗಳ ಕಥೆಯೂ ಇದೇ. ನಮ್ಮ ದೇಶದಲ್ಲಿ ಕಟ್ಟಡ ಕೆಲಸ ಅಳೆಯಲಿಕ್ಕೆ ಐ.ಎಸ್. 1200 ಅನ್ನುವ ಮಾನಕವಿದೆ. ಪ್ಲಾಸ್ಟರಿಗೆ ಅದು ಹೇಳುವುದು ಬಹಳ ವ್ಯವಹಾರಜ್ಞಾನದ ಮಾತು. ಅರ್ಧ ಚದರ ಮೀಟರಿನವರೆಗಿನ ತೆರಪಿಗೆ ಏನೂ ಕಳೆಯಬೇಡಿ, ಅದರ ಅಂಚಿಗೆ ಬೇರೆ ಕೂಡಿಸಲೂ ಬೇಡಿ. ಅರ್ಧದಿಂದ ಮೂರು ಚದರ ಮೀಟರಿನವರೆಗೆ, ಎರಡೂ ಮೈಗೆ ಒಂದೇ ಬಗೆಯ ಪ್ಲಾಸ್ಟರ್ ಇದ್ದರೆ, ಒಂದು ಮೈಯಲ್ಲಿ ಮಾತ್ರ ಕಳೆಯಿರಿ, ಇನ್ನೊಂದು ಮೈಯದು ಅಂಚಿನ ಕೆಲಸಕ್ಕೆ ಸರಿಹೋಯಿತು. ಮೂರಕ್ಕಿಂತ ದೊಡ್ಡದಾದರೆ ಎರಡೂ ಕಡೆ ಕಳೆದು ಅಂಚನ್ನು ಬೇರೆ ಕೂಡಿಸಿ. ಈಗ ಸಾಫ್ಟ್‌ವೇರಿಗೆ ಇದನ್ನು ಯಾರಾದರೂ ಹೇಳಿಕೊಟ್ಟಿರಬೇಕು. ಹೇಳದಿದ್ದರೆ ಅದು ಬಾಗಿಲನ್ನು ಎರಡೂ ಮೈಯಲ್ಲಿ ಕಳೆಯಬಹುದು, ಅಥವಾ ಬಾಗಿಲು ಬೇರೆ ಲೇಯರ್‌ನಲ್ಲಿದೆ ಅಂತ ಕಳೆಯದೆಯೂ ಇರಬಹುದು. 40 ಮನೆ, ಮನೆಗೆ ಒಳಗೋಡೆಯ 4 ಬಾಗಿಲು, ಒಂದೊಂದು 0.9 ಮೀಟರ್ ಅಗಲ 2.1 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಒಂದು ಮೈಗೆ 302.4 ಚದರ ಮೀಟರ್, ಅಂದರೆ ಸುಮಾರು 3,255 ಚದರ ಅಡಿ ಪ್ಲಾಸ್ಟರ್. ಒಂದು ಕಡೆ ತಪ್ಪಿದರೆ ಇಲ್ಲದ ಪ್ಲಾಸ್ಟರಿಗೆ ನೀವು ದುಡ್ಡು ಕೊಡುತ್ತೀರಿ. ಇನ್ನೊಂದು ಕಡೆ ತಪ್ಪಿದರೆ ಗುತ್ತಿಗೆದಾರ ಸೋಲುತ್ತಾನೆ. ಗುತ್ತಿಗೆದಾರ ಸೋತರೆ ಸಿಮೆಂಟಿನಲ್ಲಿ ವಸೂಲಿ ಮಾಡಿಕೊಳ್ಳುತ್ತಾನೆ, ಅದು ಇನ್ನೂ ಕೆಟ್ಟದ್ದು.

ರಿಪೇರಿಯ ಎಸ್ಟಿಮೇಟಿನಲ್ಲಂತೂ ಇಂಪೋರ್ಟ್ ಅನ್ನುವ ಶಬ್ದ ಕೇಳಿದರೇ ನನಗೆ ನಗು ಬರುತ್ತದೆ. ಮೂವತ್ತು ವರ್ಷದ ಕಟ್ಟಡದ ಯಾವ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದಿದೆ, ಎಷ್ಟು ಕಾಂಕ್ರೀಟ್ ಪೊಳ್ಳಾಗಿದೆ ಅನ್ನುವುದು ಹೊಸದರಲ್ಲಿ ಬರೆದ ನಕ್ಷೆಯಲ್ಲಿ ಇರುವುದು ಹೇಗೆ ಸಾಧ್ಯ? ಅದಕ್ಕೆ ಸುತ್ತಿಗೆ ಹಿಡಿದು ಬಡಿದು ನೋಡಬೇಕು, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು, ಮನೆ ಮನೆಯ ಬಾತ್‌ರೂಮಿಗೆ ಹೋಗಬೇಕು. ಫೈಲು ಇಂಪೋರ್ಟ್ ಮಾಡಿ ಒಟ್ಟು ವಿಸ್ತೀರ್ಣದ ಶೇಕಡಾ ಇಷ್ಟು ಹಾಳಾಗಿದೆ ಅಂತ ಬರೆದರೆ ಅದು ಊಹೆ. ಸ್ಟ್ರಕ್ಚರಲ್ ಆಡಿಟ್ ಮಾಡಿದ ಎಂಜಿನಿಯರರ ಗುರುತುಗಳು ಒಂದು ಕಡೆ, ಸಾಫ್ಟ್‌ವೇರಿನ ಶೇಕಡಾ ಇನ್ನೊಂದು ಕಡೆ ಇದ್ದರೆ ನೀವು ಮೊದಲನೆಯದನ್ನು ನಂಬಿ.

ಇನ್ನು ಊರಲ್ಲಿ ಮನೆ ಕಟ್ಟಿಸುವ ನಮ್ಮವರ ಪಾಡು. ಇದರ ಬಗ್ಗೆ ಬರೆಯದಿದ್ದರೆ ಕನ್ನಡದಲ್ಲಿ ಈ ವಿಷಯ ಬರೆದೂ ಪ್ರಯೋಜನವಿಲ್ಲ. ರಿಟೈರ್ ಆದಮೇಲೆ ಊರಿಗೆ ಹೋಗುತ್ತೇವೋ ಇಲ್ಲವೋ, ಮನೆ ಮಾತ್ರ ಕಟ್ಟಿಸುತ್ತೇವೆ. ಊರಿನ ಎಂಜಿನಿಯರು ಫೈಲು ಕಳಿಸುತ್ತಾರೆ. ಇಲ್ಲಿ ವಾಶಿಯಲ್ಲೋ ಬೇಲಾಪುರದಲ್ಲೋ ಕೆಲಸ ಮಾಡುವ ಅಳಿಯ ಅಥವಾ ಗೆಳೆಯರ ಮಗ ಅದನ್ನು ತನ್ನ ಆಫೀಸಿನ ಸಾಫ್ಟ್‌ವೇರಿಗೆ ಹಾಕಿ, "ಅಂಕಲ್, ಅವರು ಹೇಳಿದ್ದಕ್ಕಿಂತ ನಾಲ್ಕು ಲಕ್ಷ ಕಡಿಮೆ ಬರುತ್ತೆ" ಅನ್ನುತ್ತಾನೆ. ಅಷ್ಟು ಸಾಕು, ಊರಿನ ಎಂಜಿನಿಯರು ಕಳ್ಳ ಅಂತ ತೀರ್ಮಾನವಾಗುತ್ತದೆ. ಫೋನಿನಲ್ಲಿ ಜಗಳ, ನಡುವೆ ಓಡಾಡಿದ ಭಾವನವರಿಗೆ ಇಬ್ಬರಿಂದಲೂ ಬೈಗುಳ.

ಆದರೆ ನೋಡಿ. ಕರಾವಳಿಯ ಮನೆಯ ಗೋಡೆ ಕೆಂಪುಕಲ್ಲಿನದು. ಇಲ್ಲಿನ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಕೆಂಪುಕಲ್ಲೇ ಇಲ್ಲದಿದ್ದರೆ ನಕ್ಷೆಯ ಒಂಬತ್ತಿಂಚಿನ ಗೋಡೆ ಇಂಪೋರ್ಟ್ ಆಗುವಾಗ ಇಟ್ಟಿಗೆ ಗೋಡೆಯಾಗಿ ಕೂರುತ್ತದೆ. ಘನಮೀಟರಿಗೆ ಐನೂರು ಇಟ್ಟಿಗೆ, ಇಷ್ಟು ಸಿಮೆಂಟು, ಇಷ್ಟು ಮರಳು ಅಂತ ಲೆಕ್ಕ ಬರುತ್ತದೆ. ಊರಿನಲ್ಲಿ ಕಲ್ಲು ಬರುವುದು ಎಣಿಕೆಯಲ್ಲಿ, ಲಾರಿಯಲ್ಲಿ, ಕೋರೆಯಿಂದ ಕೋರೆಗೆ ಅಳತೆಯೂ ಬೇರೆ. ದರ ಯಾವುದು? ಆಫೀಸಿನ ಸಾಫ್ಟ್‌ವೇರಿನಲ್ಲಿ ಇರುವುದು ಮಹಾರಾಷ್ಟ್ರ ಲೋಕೋಪಯೋಗಿಯ ದರಪಟ್ಟಿ, ಊರಿನವರು ಹಿಡಿದದ್ದು ಕರ್ನಾಟಕದ ಎಸ್.ಆರ್. ಅಥವಾ ಅಂಗಡಿಯ ದರ. ಮಾನಗಳಂತೂ ಕೇಳಬೇಡಿ. ಮುಂಬಯಿಯಲ್ಲಿ ಮರಳು ಜಲ್ಲಿ ಎಲ್ಲ ಬ್ರಾಸ್ ಲೆಕ್ಕ, 100 ಘನ ಅಡಿಗೆ ಒಂದು ಬ್ರಾಸ್, ಅಂದರೆ 2.83 ಘನಮೀಟರ್. ನಮ್ಮ ಕಡೆ ಮನೆಯ ಅಳತೆ ಹೇಳುವಾಗ ಹನ್ನೆರಡು ಚದರದ ಮನೆ ಅನ್ನುತ್ತೇವೆ, ಅಂದರೆ 1,200 ಚದರ ಅಡಿ. ಎಕ್ಸೆಲ್ ಹಾಳೆಯಲ್ಲಿ ಊರಿನವರು ಬರೆದ ಆ 12, ಇಲ್ಲಿ 12 ಚದರ ಮೀಟರ್ ಆಗಿ ಒಳಗೆ ಬಂದರೆ ಅದು ಬಚ್ಚಲುಮನೆಯ ಅಳತೆ. ಇಲ್ಲಿ ಯಾರು ಕಳ್ಳರು?

ಎಕ್ಸೆಲ್ ಮಾತು ಬಂತಲ್ಲ, ಒಂದು ಅಡ್ಡಮಾತು. ಎಸ್ಟಿಮೇಟಿನ ಬಾಬತ್ತುಗಳಿಗೆ 4.1, 4.10 ಅಂತ ಸಂಖ್ಯೆ ಇರುತ್ತದೆ. ಎರಡೂ ಬೇರೆ ಬೇರೆ ಕೆಲಸ. ಎಕ್ಸೆಲ್ ಅದನ್ನು ಅಂಕಿ ಅಂತ ಓದಿದರೆ 4.10 ಕೂಡ 4.1 ಆಗುತ್ತದೆ, ಆ ಕೆಲಸಕ್ಕೆ ಈ ದರ ಬೀಳುತ್ತದೆ. 5-12 ಅಂತ ಬರೆದಿದ್ದರೆ ತಾರೀಖಾಗಿಬಿಡುತ್ತದೆ. ನಗಬೇಡಿ, ಇದೇ ಕಾಟಕ್ಕೆ ಬೇಸತ್ತು 2020ರಲ್ಲಿ ವಿಜ್ಞಾನಿಗಳು ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಎಕ್ಸೆಲ್ ಅವನ್ನು ಮಾರ್ಚ್, ಸೆಪ್ಟೆಂಬರ್ ತಾರೀಖು ಮಾಡುತ್ತಿತ್ತಂತೆ. ಇನ್ನು ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸುವ ಸಿಎಸ್‌ವಿ ಫೈಲಿನಲ್ಲಿ ನಮ್ಮ 1,25,000 ಮೂರು ತುಂಡಾಗಿ ಮೂರು ಕಾಲಮ್ಮಿಗೆ ಹೋಗಬಹುದು. ಊರಿನಿಂದ ಬಂದ ಪಟ್ಟಿ ಹಳೇ ನುಡಿ ಫಾಂಟಿನಲ್ಲಿದ್ದರೆ, ಯೂನಿಕೋಡ್ ಮಾತ್ರ ತಿಳಿದ ಸಾಫ್ಟ್‌ವೇರಿನಲ್ಲಿ ಕನ್ನಡವೆಲ್ಲ ಗಜಿಬಿಜಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಂಕಿಗಳು ಮಾತ್ರ ಸರಿಯಾಗಿ ಬರುತ್ತವೆ. ಯಾವ ಕೆಲಸ ಅಂತ ಗೊತ್ತಿಲ್ಲ, ದುಡ್ಡು ಮಾತ್ರ ಗೊತ್ತು! ಆಮೇಲೆ ಯಾರೋ ಅಂದಾಜಿನ ಮೇಲೆ ಇದು ಪಾಯ, ಇದು ನೆಲ ಅಂತ ಹೊಂದಿಸುತ್ತಾರೆ.

ಇಷ್ಟೆಲ್ಲ ಓದಿ ಇವನು ಕಂಪ್ಯೂಟರ್ ದ್ವೇಷಿ, ಕೈಲೆಕ್ಕದ ಕಾಲದವನು ಅಂದುಕೊಳ್ಳಬೇಡಿ. ಕೂಡುವುದು ಗುಣಿಸುವುದು ಯಂತ್ರಕ್ಕೆ ಬಿಟ್ಟದ್ದೇ ಸರಿ. ನಕ್ಷೆ ಬದಲಾದಾಗ ಹಳೇದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ನಿಮಿಷದಲ್ಲಿ ತೋರಿಸುವ ಸಾಫ್ಟ್‌ವೇರು ಕಂಡರೆ, ಟ್ರೇಸಿಂಗ್ ಕಾಗದ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದ ಕಾಲಕ್ಕೆ ವಾಪಸ್ ಹೋಗಲು ಯಾರಿಗೂ ಮನಸ್ಸು ಬಾರದು. ಮೂರು ಆಯಾಮದ ಮಾದರಿ ಇದ್ದು ಅದು ಐಎಫ್‌ಸಿ ರೂಪದಲ್ಲಿ ಬಂದರೆ ಗೋಡೆ ಗೋಡೆ ಅಂತಲೇ ಬರುತ್ತದೆ, ಕಂಬ ಕಂಬ ಅಂತಲೇ ಬರುತ್ತದೆ. ಯಾವ ಒಂದು ಕಂಪನಿಗೂ ಸೇರದ ಆ ರೂಪ ಅಂತರರಾಷ್ಟ್ರೀಯ ಮಾನಕವೂ ಆಗಿದೆ, ಐ.ಎಸ್.ಒ. 16739. ಬರಲಿ, ಬೇಗ ಬರಲಿ.

ಆದರೆ ದೊಡ್ಡವರ ಹತ್ತಿರವೂ ಫೈಲು ಫೈಲಿಗೆ ಹೊಂದದೇ ಹೋದದ್ದುಂಟು. ಏರ್‌ಬಸ್ ಎ380 ವಿಮಾನ ನೆನಪಿದೆಯಲ್ಲ? ಜರ್ಮನಿಯ ಹ್ಯಾಂಬರ್ಗಿನವರು ಕಟಿಯಾ ಅನ್ನುವ ವಿನ್ಯಾಸ ಸಾಫ್ಟ್‌ವೇರಿನ ಹಳೇ ಆವೃತ್ತಿಯಲ್ಲಿದ್ದರು, ಫ್ರಾನ್ಸಿನ ತುಲೂಜಿನವರು ಹೊಸದರಲ್ಲಿದ್ದರು. ಒಂದು ವಿಮಾನದಲ್ಲಿ 500 ಕಿಲೋಮೀಟರಿಗೂ ಹೆಚ್ಚು ತಂತಿ. ಜೋಡಿಸಲು ಹೋದಾಗ ತಂತಿಗಳು ಮೋಟಾದವು. 2006ರಲ್ಲಿ ವಿಮಾನ ತಡವಾಗುತ್ತದೆ ಅಂತ ಘೋಷಿಸಬೇಕಾಯಿತು, ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸಿಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ. ಅಲ್ಲಿ ತಂತಿಯ ತುದಿ ಮುಟ್ಟದೇ ಇದ್ದದ್ದು ಕಣ್ಣಿಗೆ ಕಂಡಿತು. ಎಸ್ಟಿಮೇಟಿನಲ್ಲಿ ಮೋಟಾದದ್ದು ಬಿಲ್ಲು ಕೊಡುವ ದಿನದವರೆಗೆ ಕಾಣುವುದಿಲ್ಲ.

ನಮ್ಮ ಲೋಕೋಪಯೋಗಿ ಇಲಾಖೆಗಳಲ್ಲಿ ಎಂ.ಬಿ. ಅಂತ ಒಂದು ಪುಸ್ತಕ ಇರುತ್ತದೆ, ಅಳತೆ ಪುಸ್ತಕ. ಈ ಇಲಾಖೆ ಬ್ರಿಟಿಷರ ಕಾಲದ್ದು, 1854ರಲ್ಲಿ ಡಾಲ್‌ಹೌಸಿ ಕಾಲದಲ್ಲಿ ಶುರುವಾದದ್ದು. ಅದನ್ನು ಬೈಯಲಿಕ್ಕೆ ಕಾರಣಗಳು ನೂರಿವೆ, ಲಂಚದಿಂದ ಹಿಡಿದು. ಆದರೆ ಎಂ.ಬಿ.ಯ ಶಿಸ್ತು ನೋಡಿ. ಪುಟಗಳಿಗೆ ಅಚ್ಚಿನ ಸಂಖ್ಯೆ, ಒಂದು ಹಾಳೆಯೂ ಹರಿಯುವಂತಿಲ್ಲ. ಅಳಿಸುವಂತಿಲ್ಲ, ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ. ಉದ್ದ ಅಗಲ ಎತ್ತರ ಬೇರೆ ಬೇರೆ ಕಾಲಮ್ಮಿನಲ್ಲಿ. ಅಳೆದವರು ಯಾರು, ಯಾವ ತಾರೀಖು. ಮೇಲಿನವರು ಬಂದು ಕೆಲವನ್ನು ಮತ್ತೆ ಅಳೆದು ತಾವೂ ಸಹಿ ಹಾಕಬೇಕು. ಕಳ್ಳತನ ಮಾಡುವವರು ಅದರಲ್ಲೂ ಮಾಡಿದರು, ಆದರೆ ಸಹಿ ಮಾಡಿ ಮಾಡಿದರು, ಸಿಕ್ಕಿಬಿದ್ದಾಗ ಹೆಸರು ಸಮೇತ ಸಿಕ್ಕಿಬಿದ್ದರು. ಇಂದಿನ ಖಾಸಗಿ ಎಸ್ಟಿಮೇಟಿನಲ್ಲಿ ಪರಿಮಾಣ 1,846.72 ಅಂತ ಎರಡು ದಶಾಂಶದವರೆಗೆ ಬರುತ್ತದೆ, ಅದು ಯಾರು ಯಾವಾಗ ಏನನ್ನು ಅಳೆದು ಬಂದದ್ದು ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ. ಆ ದಶಾಂಶ ನೋಡಿಯೇ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಇಂಪೋರ್ಟ್ ಮಾಡುವುದೂ ಅಳತೆ ಮಾಡುವುದೇ ಅಂತ ಒಪ್ಪಿಕೊಂಡು, ಮಾಡಿದವರು ಸಹಿ ಹಾಕಲಿ. ಯಾವ ಫೈಲು, ಯಾವ ತಾರೀಖಿನ ಪರಿಷ್ಕರಣೆ, ಯಾವ ಮಾನದಲ್ಲಿ ಓದಿದ್ದು, ಸ್ಕ್ಯಾನ್ ಆಗಿದ್ದರೆ ಯಾವ ಯಾವ ಅಳತೆಗೆ ಸ್ಕೇಲು ಹೊಂದಿಸಿದ್ದು (ಉದ್ದಕ್ಕೊಂದು ಅಡ್ಡಕ್ಕೊಂದು ಬೇಕೇ ಬೇಕು), ತೆರಪುಗಳನ್ನು ಯಾವ ನಿಯಮದ ಮೇಲೆ ಕಳೆದದ್ದು, ಇಷ್ಟು ಒಂದು ಪುಟದಲ್ಲಿ ಬರೆದರೆ ಸಾಕು. ಜೊತೆಗೆ ಮೂಲ ಫೈಲು ಮತ್ತು ಎಕ್ಸೆಲ್ ಸೊಸೈಟಿಯ ಕೈಗೆ ಬರಬೇಕು, ಪಿಡಿಎಫ್ ಮಾತ್ರ ಅಲ್ಲ. ಸೂತ್ರಗಳನ್ನು ತೆಗೆದು ಬರೀ ಅಂಕಿ ಅಂಟಿಸಿದ ಎಕ್ಸೆಲ್ ಕೂಡ ಬೇಡ. "ಅದು ನಮ್ಮ ಬೌದ್ಧಿಕ ಆಸ್ತಿ" ಅನ್ನುವ ಕನ್ಸಲ್ಟೆಂಟರನ್ನೂ ಕಂಡಿದ್ದೇನೆ. ನಿಮ್ಮ ಮನೆಯ ಉದ್ದಗಲ ಅವರ ಬೌದ್ಧಿಕ ಆಸ್ತಿ ಆಗುವುದು ಹೇಗೆ? ಫೀಸು ಕೊಟ್ಟವರು ಸದಸ್ಯರು, ಅಳತೆ ಸದಸ್ಯರದ್ದು.

ಇದನ್ನು ಕೆಲಸ ಶುರುವಾದ ಮೇಲೆ ಕೇಳಿದರೆ ಕೊಡುವುದಿಲ್ಲ. ಕನ್ಸಲ್ಟೆಂಟರಿಗೆ ನೇಮಕದ ಪತ್ರ ಕೊಡುವಾಗಲೇ ಎರಡು ಸಾಲು ಸೇರಿಸಿ, ಕೊನೆಯ ಕಂತಿನ ಫೀಸನ್ನು ಅದಕ್ಕೆ ಕಟ್ಟಿಹಾಕಿ. ಊರಿನ ಮನೆಗಾದರೆ ಇನ್ನೂ ಸುಲಭ. ಅಳಿಯನ ಲೆಕ್ಕವನ್ನೂ ಎಂಜಿನಿಯರರ ಲೆಕ್ಕವನ್ನೂ ಎದುರುಬದುರು ಇಟ್ಟು, ಒಟ್ಟು ಮೊತ್ತ ಬಿಟ್ಟು, ಗೋಡೆಯ ಉದ್ದ ಒಂದನ್ನೇ ಮೊದಲು ತಾಳೆ ನೋಡಿ. ಅದು ಹೊಂದಿದರೆ ಕಾಂಕ್ರೀಟು ನೋಡಿ. ಅದೂ ಹೊಂದಿದರೆ ಆಮೇಲೆ ದರದ ಜಗಳ ಮಾಡಬಹುದು, ಧಾರಾಳವಾಗಿ.

ಸೊಸೈಟಿಯವರು ಇನ್ನೊಂದು ಮಾಡಬಹುದು. ಪ್ರತಿ ವಿಂಗಿನಲ್ಲಿ ಒಂದು ಮನೆಯನ್ನು ಚೀಟಿ ಎತ್ತಿ ಆರಿಸಿ, ಕನ್ಸಲ್ಟೆಂಟರ ಹುಡುಗನನ್ನೂ ಕರೆದುಕೊಂಡು ಹೋಗಿ ಸದಸ್ಯರ ಎದುರಿಗೆ ಟೇಪಿನಲ್ಲಿ ಅಳೆಯಿರಿ. ಭಾನುವಾರ ಬೆಳಿಗ್ಗೆ ಇಟ್ಟುಕೊಂಡರೆ ಎಲ್ಲರೂ ಮನೆಯಲ್ಲಿರುತ್ತಾರೆ. ಟೇಪು ಮಾತ್ರ ಸ್ಟೀಲಿನದೇ ಇರಲಿ, ಬಟ್ಟೆಯದು ಎಳೆದಷ್ಟು ಬರುತ್ತದೆ.